ಕೊಳೆರೋಗದ ಮೂರು ಹಂತದ ಮಾದರಿ: ಡೈವರ್ಜೆನ್ಸ್ ಹೋಗ್ತಿಲ್ಲ, ಆರ್-ಹ್ಯಾಟ್ 1.06ಕ್ಕೇ ನಿಂತಿದೆ

ಪ್ರಶ್ನೆ: ಕೊನೆಲೆಕ್ಕ (ತೀರ್ಥಹಳ್ಳಿ)

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗ ಜಿಲ್ಲೆಯ ಅಡಿಕೆ ತೋಟಗಳ ಕೊಳೆರೋಗದ ಲೆಕ್ಕ ಮಳೆಗಾಲ ಮುಗಿದ ಮೇಲೆ ಕೈಗೆ ಬರುತ್ತದೆ. ಅಷ್ಟರೊಳಗೆ ಮಾದರಿ (ತಾಲ್ಲೂಕು, ಊರು, ತೋಟ ಎಂಬ ಮೂರು ಹಂತದ ಸಂಖ್ಯಾಶಾಸ್ತ್ರದ ಲೆಕ್ಕ) ಗಟ್ಟಿ ಇದೆಯೇ ನೋಡೋಣ ಅಂತ ಕಂಪ್ಯೂಟರಿನಲ್ಲೇ ಹುಟ್ಟಿಸಿದ ದತ್ತಾಂಶದ ಮೇಲೆ ಓಡಿಸುತ್ತಿದ್ದೇನೆ. ಆದ್ದರಿಂದ ಕೆಳಗಿನ ಅಂಕಿ ಯಾವ ತೋಟದ್ದೂ ಅಲ್ಲ. ನಿಜವಾದ ಬೆಲೆ ಎಷ್ಟು ಅಂತ ನನಗೆ ಗೊತ್ತಿದೆ, ಅಷ್ಟೇ ಅನುಕೂಲ.

7 ತಾಲ್ಲೂಕು, ತಾಲ್ಲೂಕಿಗೆ 9 ಊರು, ಊರಿಗೆ 6 ತೋಟ, ಒಟ್ಟು 378 ತೋಟ. ಪ್ರತಿ ತೋಟದಲ್ಲಿ 40 ಕೊನೆ ನೋಡಿ ಅದರಲ್ಲಿ ಎಷ್ಟಕ್ಕೆ ಕೊಳೆ ಬಂದಿದೆ ಎಂಬ ಎಣಿಕೆ, ಸರಾಸರಿ 20% ಆಸುಪಾಸು. ಬೈನಾಮಿಯಲ್ (ಇಷ್ಟರಲ್ಲಿ ಇಷ್ಟು ಎಂಬ ಎಣಿಕೆಯ ವಿತರಣೆ), ಲಾಜಿಟ್ ಲಿಂಕ್ (ಕೊಳೆ ಬರುವ ಸಂಭವವನ್ನು ಬಾರದಿರುವ ಸಂಭವದಿಂದ ಭಾಗಿಸಿ ತೆಗೆದ ಲಾಗ್). ಲಾಜಿಟ್ = ಆಲ್ಫಾ + ತಾಲ್ಲೂಕು + ಊರು + ತೋಟ + ಬೀಟಾ × ಬೋರ್ಡೋ (ಮೈಲುತುತ್ತ-ಸುಣ್ಣದ ದ್ರಾವಣ) ಹೊಡೆದ ಸಲ. ಆಲ್ಫಾ ಎಲ್ಲಕ್ಕೂ ಸಮಾನವಾದ ಆಧಾರ ಬೆಲೆ, ಸಿಗ್ಮಾ ಅಂದರೆ ಆಯಾ ಹಂತದ ಪರಿಣಾಮಗಳ ಹರವು (ವಿಚಲನೆ). ದತ್ತಾಂಶ ಹುಟ್ಟಿಸುವಾಗ ಇಟ್ಟ ಬೆಲೆ: ಸಿಗ್ಮಾ-ತಾಲ್ಲೂಕು 0.5, ಸಿಗ್ಮಾ-ಊರು 0.3, ಸಿಗ್ಮಾ-ತೋಟ 0.8, ಬೀಟಾ −0.6. ತಾಲ್ಲೂಕಿನ ವ್ಯತ್ಯಾಸದ ಬಹುಪಾಲು ಮಳೆಯಿಂದಲೇ ಬರುವ ಹಾಗೆ ಕಟ್ಟಿದ್ದೇನೆ, ಆದರೆ ಮಾದರಿಯೊಳಗೆ ಮಳೆಯನ್ನು ಇನ್ನೂ ಹಾಕಿಲ್ಲ.

ಸ್ಟ್ಯಾನ್ (ಮಾದರಿಯ ಸಂಭವನೀಯ ಬೆಲೆಗಳನ್ನು ಸ್ಯಾಂಪಲ್ ಆಗಿ ಎಳೆಯುವ ತಂತ್ರಾಂಶ), 4 ಚೈನ್ (ಬೇರೆಬೇರೆ ಓಟ), ತಲಾ 2000 ಸುತ್ತು (ಮೊದಲ 1000 ವಾರ್ಮಪ್, ಅಂದರೆ ಹೊಂದಿಕೊಳ್ಳಲು ಮಾತ್ರ), ಉಳಿದದ್ದೆಲ್ಲ ಡಿಫಾಲ್ಟ್. 131 ಡೈವರ್ಜೆನ್ಸ್ (ಸ್ಯಾಂಪಲ್ ಎಳೆಯುವಾಗ ಲೆಕ್ಕ ಸಿಡಿದ ಎಚ್ಚರಿಕೆ) ಬಂತು. ಸಿಗ್ಮಾ-ಊರಿನ ಆರ್-ಹ್ಯಾಟ್ (ಚೈನ್‌ಗಳು ಒಂದಕ್ಕೊಂದು ಒಪ್ಪುತ್ತವೆಯೇ ಎಂಬ ಅಳತೆ, 1ಕ್ಕೆ ಹತ್ತಿರ ಇದ್ದಷ್ಟೂ ಒಳ್ಳೆಯದು) 1.06, ಬಲ್ಕ್ ಇಎಸ್‌ಎಸ್ (ಎಷ್ಟು ಸ್ವತಂತ್ರ ಸ್ಯಾಂಪಲ್‌ಗೆ ಸಮ ಎಂಬ ಲೆಕ್ಕ) 58. ಅಡಾಪ್ಟ್ ಡೆಲ್ಟಾ (ಹೆಜ್ಜೆ ಎಷ್ಟು ಎಚ್ಚರದಿಂದ ಇಡಬೇಕೆಂಬ ಸೆಟ್ಟಿಂಗ್) 0.8ರಿಂದ 0.99ಕ್ಕೆ ಏರಿಸಿದರೆ ಡೈವರ್ಜೆನ್ಸ್ 19ಕ್ಕೆ ಇಳಿಯಿತು, ಆದರೆ 3 ನಿಮಿಷದ ಕೆಲಸ 25 ನಿಮಿಷ ಆಯಿತು, ಮೇಲಿಂದ ಟ್ರೀಡೆಪ್ತ್ (ಒಂದು ಸ್ಯಾಂಪಲ್‌ಗೆ ಇಡುವ ಹೆಜ್ಜೆಗಳ ಮಿತಿ) ಎಚ್ಚರಿಕೆ ಬೇರೆ.

ಏಳೇ ತಾಲ್ಲೂಕು ಇರುವುದೇ ತೊಂದರೆ ಅಂತ ನನ್ನ ಅನುಮಾನ. ಸುತ್ತನ್ನು 20,000ಕ್ಕೆ ಏರಿಸಿ ಹತ್ತಕ್ಕೊಂದು ಇಟ್ಟುಕೊಂಡರೆ ಸಾಕಾ? 19 ಡೈವರ್ಜೆನ್ಸ್ ಅಂದರೆ 4000ಕ್ಕೆ ಅರ್ಧ ಪರ್ಸೆಂಟೂ ಇಲ್ಲವಲ್ಲ.


ಉತ್ತರ 1: ತುಂಗೆದಂಡೆ

ಸುತ್ತು ಹೆಚ್ಚಿಸಬೇಡಿ. ಡೈವರ್ಜೆನ್ಸ್ ಅರ್ಧ ಪರ್ಸೆಂಟೋ ಐದು ಪರ್ಸೆಂಟೋ ಅನ್ನುವುದು ಮುಖ್ಯವಲ್ಲ, ಅವು ಎಲ್ಲಿ ಬೀಳುತ್ತಿವೆ ಅನ್ನುವುದು ಮುಖ್ಯ. ಒಂದು ಮೂಲೆಗೆ ಸ್ಯಾಂಪ್ಲರ್ ಹೋಗಲಾರದೆ ವಾಪಸ್ ಬರುತ್ತಿದೆ ಎಂದರೆ 20,000 ಸುತ್ತಿನಲ್ಲೂ ಆ ಮೂಲೆ ಖಾಲಿಯೇ. ತಪ್ಪು ಉತ್ತರಕ್ಕೆ ಇನ್ನೊಂದು ದಶಮಾಂಶ ಸ್ಥಾನ ಸಿಗುತ್ತದೆ, ಅಷ್ಟೆ. ಹತ್ತಕ್ಕೊಂದು ಇಟ್ಟುಕೊಳ್ಳುವುದು ಡಿಸ್ಕ್ ಉಳಿಸಲು ಸರಿ, ಒಮ್ಮುಖಕ್ಕೆ ಅದರಿಂದ ಏನೂ ಆಗದು.

ಮೊದಲು ಒಂದು ಚಿತ್ರ ಬಿಡಿಸಿ: ಅಡ್ಡಕ್ಕೆ ಯಾವುದಾದರೂ ಒಂದು ಊರಿನ ಪರಿಣಾಮ, ಉದ್ದಕ್ಕೆ ಸಿಗ್ಮಾ-ಊರಿನ ಲಾಗ್. ಡೈವರ್ಜೆನ್ಸ್ ಆದ ಬಿಂದುಗಳಿಗೆ ಬೇರೆ ಬಣ್ಣ ಕೊಡಿ. ಮೇಲೆ ಅಗಲ, ಕೆಳಗೆ ಕಿರಿದು, ಎಣ್ಣೆ ಹೊಯ್ಯುವ ಆಲಿಕೆಯ ಆಕಾರ ಕಾಣಬೇಕು. ಬಣ್ಣದ ಬಿಂದುಗಳು ಕುತ್ತಿಗೆಯ ಹತ್ತಿರ ಗುಂಪುಗಟ್ಟಿರಬೇಕು. ರಾಡ್‌ಫರ್ಡ್ ನೀಲ್ 2003ರಲ್ಲಿ ಉದಾಹರಣೆಯಾಗಿ ಕೊಟ್ಟ ಆಲಿಕೆ ಇದೇ.

ಕಾರಣ ಹೀಗೆ. ಸಿಗ್ಮಾ-ಊರು 0.02 ಇದ್ದಾಗ 63 ಊರುಗಳ ಪರಿಣಾಮವೂ ಸೊನ್ನೆಯ ಸುತ್ತ 0.02 ಅಗಲದ ಪಟ್ಟಿಯೊಳಗೆ ಇರಬೇಕು. ಲೀಪ್‌ಫ್ರಾಗ್ (ಸ್ಟ್ಯಾನ್ ಮುಂದೆ ಸಾಗುವ ವಿಧಾನ) ಹೆಜ್ಜೆ ಆ ಅಗಲದ ಎರಡು ಪಟ್ಟು ದಾಟಿದರೆ ಲೆಕ್ಕ ಸಿಡಿಯುತ್ತದೆ, ಅದೇ ಡೈವರ್ಜೆನ್ಸ್. ಸಿಗ್ಮಾ-ಊರು 0.4 ಇದ್ದಲ್ಲಿ ಅದೇ ಪರಿಣಾಮದ ಅಗಲ ಸುಮಾರು 0.27, ಅಂದರೆ ಹದಿಮೂರು ಪಟ್ಟು ಹೆಚ್ಚು. ವಾರ್ಮಪ್‌ನಲ್ಲಿ ಸ್ಟ್ಯಾನ್ ಒಂದೇ ಹೆಜ್ಜೆ ಗೊತ್ತು ಮಾಡುತ್ತದೆ, ಅದು ಅಗಲವಾದ ಜಾಗಕ್ಕೆ ಹೊಂದುವಂಥದ್ದು. ಅಡಾಪ್ಟ್ ಡೆಲ್ಟಾ ಏರಿಸಿದರೆ ಹೆಜ್ಜೆ ಚಿಕ್ಕದಾಗುತ್ತದೆ. ಆಗ ಅಗಲದ ಜಾಗ ದಾಟಲು ಹೆಚ್ಚು ಹೆಜ್ಜೆ ಬೇಕು. ಟ್ರೀಡೆಪ್ತ್ 10 ಅಂದರೆ ಒಂದು ಸ್ಯಾಂಪಲ್‌ಗೆ 1023 ಹೆಜ್ಜೆ. ನಿಮ್ಮ 25 ನಿಮಿಷ ಹೋಗಿದ್ದು ಅಲ್ಲಿಗೆ.

ಈಗ ಯಾವ ಹಂತದ ತಪ್ಪು ಅನ್ನುವುದು. ಏಳೇ ತಾಲ್ಲೂಕು ಎಂಬ ನಿಮ್ಮ ಅನುಮಾನ ಸಹಜ, ಆದರೆ ಲೆಕ್ಕ ಬೇರೆ ಹೇಳುತ್ತದೆ. ಪ್ರತಿ ಹಂತಕ್ಕೂ ಒಂದು ಸಂಖ್ಯೆ ಹಾಕಿ: ಸಿಗ್ಮಾದ ವರ್ಗವನ್ನು, ಅದೇ ವರ್ಗ ಮತ್ತು ದತ್ತಾಂಶದ ದೋಷದ ವರ್ಗ ಇವೆರಡರ ಮೊತ್ತದಿಂದ ಭಾಗಿಸಿ. ದತ್ತಾಂಶದ ಮಾತಿಗೆ ಎಷ್ಟು ತೂಕ ಅನ್ನುವುದು ಇದು.

ತೋಟ: 40 ಕೊನೆ, 20% ಕೊಳೆ, ಲಾಜಿಟ್‌ನಲ್ಲಿ ದೋಷದ ವರ್ಗ 1/(40 × 0.2 × 0.8) = 0.156. ಸಿಗ್ಮಾದ ವರ್ಗ 0.64. ತೂಕ 0.80.

ಊರು: ಆರು ತೋಟ, ದೋಷದ ವರ್ಗ (0.64 + 0.156)/6 = 0.133. ಸಿಗ್ಮಾದ ವರ್ಗ 0.09. ತೂಕ 0.40.

ತಾಲ್ಲೂಕು: ಒಂಬತ್ತು ಊರು, (0.09 + 0.133)/9 = 0.025. ಸಿಗ್ಮಾದ ವರ್ಗ 0.25. ತೂಕ 0.91.

ತೂಕ ಅರ್ಧಕ್ಕಿಂತ ಸಾಕಷ್ಟು ಮೇಲಿದ್ದರೆ ಸೆಂಟರ್ಡ್ ರೂಪ (ಪರಿಣಾಮವನ್ನು ನೇರ ಎಳೆಯುವುದು) ಸಲೀಸು, ಕೆಳಗಿದ್ದರೆ ನಾನ್-ಸೆಂಟರ್ಡ್. ಆದ್ದರಿಂದ ನಿಮಗೆ ತೊಂದರೆ ಕೊಡುತ್ತಿರುವುದು ಊರು. ಊರಿನ ಪರಿಣಾಮವನ್ನು ನೇರ ಎಳೆಯದೆ ಸಿಗ್ಮಾ-ಊರು × ಝೆಡ್ ಅಂತ ಬರೆದು, ಝೆಡ್‌ಗೆ ಸರಾಸರಿ 0, ವಿಚಲನೆ 1ರ ನಾರ್ಮಲ್ ಕೊಡಿ. ಸ್ಟ್ಯಾನ್‌ನಲ್ಲಿ ಘೋಷಣೆಯ ಸಾಲಿಗೆ ಮಲ್ಟಿಪ್ಲಯರ್ ಸೇರಿಸಿದರೂ ಅದೇ ಕೆಲಸ, ಉಳಿದ ಸಾಲು ಮುಟ್ಟಬೇಕಿಲ್ಲ. ತಾಲ್ಲೂಕು, ತೋಟ ಎರಡನ್ನೂ ಹಾಗೇ ಬಿಡಿ.


ಉತ್ತರ 2: ಹಳೇಗಿಬ್ಸ್

ಇಷ್ಟೆಲ್ಲ ಎಂತಕ್ಕೆ ಮಾರಾಯ್ರೆ? ಇದೇ ಮಾದರಿ ಜ್ಯಾಗ್ಸ್‌ನಲ್ಲಿ (ಗಿಬ್ಸ್ ವಿಧಾನದ, ಅಂದರೆ ಬೆಲೆಗಳನ್ನು ಸರದಿಯಲ್ಲಿ ಎಳೆಯುವ ತಂತ್ರಾಂಶ) ಹಾಕಿ, ವೇರಿಯನ್ಸ್‌ಗೆ (ಸಿಗ್ಮಾದ ವರ್ಗಕ್ಕೆ) ಇನ್ವರ್ಸ್ ಗಾಮಾ (0.001, 0.001) ಪ್ರಯರ್ (ದತ್ತಾಂಶ ನೋಡುವ ಮೊದಲಿನ ಊಹೆ) ಕೊಟ್ಟು 50,000 ಸುತ್ತು ಓಡಿಸಿ. ಒಂದು ಡೈವರ್ಜೆನ್ಸ್ ಬಂದರೆ ಕೇಳಿ. ಆರ್-ಹ್ಯಾಟ್ 1.1ಕ್ಕಿಂತ ಕೆಳಗೆ ಬಂದರೆ ಮುಗಿಯಿತು, ಗೆಲ್ಮನ್ ಮತ್ತು ರೂಬಿನ್ 1992ರಲ್ಲೇ ದಾರಿ ಹಾಕಿಕೊಟ್ಟಿದ್ದಾರೆ.


ಉತ್ತರ 3: ಮಳೆಮಾಪಕ

ಜ್ಯಾಗ್ಸ್‌ನಲ್ಲಿ ಡೈವರ್ಜೆನ್ಸ್ ಬರುವುದಿಲ್ಲ, ನಿಜ. ಥರ್ಮಾಮೀಟರ್ ಇಲ್ಲದ ಮನೆಯಲ್ಲಿ ಜ್ವರವೂ ಗೊತ್ತಾಗುವುದಿಲ್ಲ. ಆ ಎಚ್ಚರಿಕೆ ಸ್ಟ್ಯಾನ್ ಬಳಸುವ ಹ್ಯಾಮಿಲ್ಟೋನಿಯನ್ ಲೆಕ್ಕದಿಂದ ಹುಟ್ಟುವಂಥದ್ದು. ಗಿಬ್ಸ್‌ನಲ್ಲಿ ಶಕ್ತಿಯೂ ಇಲ್ಲ, ಪಥವೂ ಇಲ್ಲ, ಸಿಡಿಯಲು ಏನೂ ಇಲ್ಲ.

ಆಲಿಕೆ ಮಾತ್ರ ಅಲ್ಲೂ ಇದೆ. ಸಿಗ್ಮಾ-ಊರು ಚಿಕ್ಕದಾದಾಗ ಗಿಬ್ಸ್ 63 ಊರಿನ ಪರಿಣಾಮವನ್ನೂ ಚಿಕ್ಕದಾಗಿ ಎಳೆಯುತ್ತದೆ. ಮುಂದಿನ ಹೆಜ್ಜೆಯಲ್ಲಿ ಆ ಚಿಕ್ಕ ಪರಿಣಾಮಗಳನ್ನು ನೋಡಿ ಸಿಗ್ಮಾ ಎಳೆದರೆ ಅದೂ ಚಿಕ್ಕದೇ. 63 ಸಂಖ್ಯೆ ಕೊಟ್ಟಾಗ ಸಿಗ್ಮಾ ಅಲ್ಲಾಡಬಹುದಾದ ಜಾಗ ಸುಮಾರು 1/√126, ಅಂದರೆ 9%. 0.02ರಿಂದ 0.3ಕ್ಕೆ ಬರಲು ಹದಿನೈದು ಪಟ್ಟು ಏರಬೇಕು, ಅದೂ ಎರಡು ಹೆಜ್ಜೆ ಮುಂದೆ ಒಂದು ಹೆಜ್ಜೆ ಹಿಂದೆ. ನೂರಾರು ಸುತ್ತು ಅಲ್ಲೇ ಕಳೆಯುತ್ತದೆ. ಟ್ರೇಸ್ ಪ್ಲಾಟ್‌ನಲ್ಲಿ (ಸುತ್ತು ಸುತ್ತಿನ ಬೆಲೆ ತೋರಿಸುವ ಚಿತ್ರ) ಸಿಗ್ಮಾ ನೆಲ ಹಿಡಿದು ತುಂಬಾ ಹೊತ್ತು ಮಲಗುವುದು ಕಾಣಿಸಿದರೆ ಅದೇ ಇದು. ಜ್ಯಾಗ್ಸ್‌ನಲ್ಲೇ ಇರಬೇಕೆಂದಿದ್ದರೆ ಪ್ಯಾರಾಮೀಟರ್ ಎಕ್ಸ್‌ಪ್ಯಾನ್ಶನ್ ಹಾಕಿ: ಪರಿಣಾಮವನ್ನು ಇನ್ನೊಂದು ಗುಣಕದಿಂದ ಗುಣಿಸಿ, ಆ ಗುಣಕಕ್ಕೂ ನಾರ್ಮಲ್ ಪ್ರಯರ್ ಕೊಟ್ಟರೆ 63ನ್ನೂ ಒಟ್ಟಿಗೆ ಹಿಗ್ಗಿಸಿ ಕುಗ್ಗಿಸಲು ಸರಪಳಿಗೆ ದಾರಿ ಸಿಗುತ್ತದೆ.

ಇನ್ವರ್ಸ್ ಗಾಮಾ (0.001, 0.001) ಅಂತೂ ಬೇಡ. ಏನೂ ಹೇಳದ ಪ್ರಯರ್ ಅಂತ ಅದಕ್ಕೆ ಹೆಸರು, ಆದರೆ ವೇರಿಯನ್ಸ್ ಸೊನ್ನೆಯ ಹತ್ತಿರ ಬಂದಾಗ ಅದು ಬಲವಾಗಿ ಎಳೆಯುತ್ತದೆ. ಗುಂಪು ಕಡಿಮೆ ಇದ್ದಾಗ ಉತ್ತರವೇ ಬದಲಾಗುತ್ತದೆ ಎಂಬುದನ್ನು ಗೆಲ್ಮನ್ 2006ರಲ್ಲೇ ತೋರಿಸಿದ್ದಾರೆ. ನಿಮ್ಮ ಏಳು ತಾಲ್ಲೂಕಿಗೆ ಹಾಫ್-ನಾರ್ಮಲ್ (ನಾರ್ಮಲ್‌ನ ಸೊನ್ನೆಯಿಂದ ಮೇಲಿನ ಅರ್ಧ) ಸಾಕು. ವಿಚಲನೆ 1 ಇಟ್ಟರೂ ಅದು ಸಡಿಲವೇ: ಸಿಗ್ಮಾ 1 ಆದರೆ 20% ಸರಾಸರಿಯ ಜಿಲ್ಲೆಯಲ್ಲಿ ಒಂದು ತಾಲ್ಲೂಕು 3%, ಇನ್ನೊಂದು 65% ಇರಬಹುದು ಎಂದಂತೆ. 0.5 ಇಟ್ಟರೆ ಯಾರೂ ಆಕ್ಷೇಪ ಮಾಡಲಾರರು. ಹಾಫ್-ಕಾಶಿಯ ಉದ್ದ ಬಾಲ ಏಳು ಗುಂಪಿಗೆ ಅನಗತ್ಯ. ಬಾಲದೊಳಗೆ ಚೈನ್ ಅಲೆಯುವಾಗ ಇ-ಬಿಎಫ್‌ಎಂಐ (ಚೈನ್ ಬಾಲದಲ್ಲೂ ಸರಿಯಾಗಿ ಓಡಾಡುತ್ತಿದೆಯೇ ಎಂಬ ಅಳತೆ) 0.3ರ ಕೆಳಗೆ ಇಳಿಯುವುದುಂಟು, ಅದನ್ನೂ ಒಮ್ಮೆ ನೋಡಿಕೊಳ್ಳಿ.

1.1ರ ಬಗ್ಗೆ: ಹಳೆಯ ಆರ್-ಹ್ಯಾಟ್ ಚೈನ್‌ಗಳ ಸರಾಸರಿ ಒಂದೇ ಇದ್ದು ಹರವು ಬೇರೆ ಇದ್ದರೆ ಹಿಡಿಯುವುದಿಲ್ಲ, ಉದ್ದ ಬಾಲವಿದ್ದರೂ ಮೋಸ ಹೋಗುತ್ತದೆ. 2021ರಲ್ಲಿ ವೆಹ್ತಾರಿ, ಗೆಲ್ಮನ್ ಮತ್ತಿತರರು ರ್‍ಯಾಂಕ್ ಮೇಲೆ ಲೆಕ್ಕ ಹಾಕುವ ರೂಪ ಕೊಟ್ಟು ಮಿತಿಯನ್ನು 1.01ಕ್ಕೆ ಇಳಿಸಿದರು. ಅದರ ಜೊತೆ ಬಲ್ಕ್ (ನಡುಭಾಗದ) ಮತ್ತು ಟೇಲ್ (ಬಾಲದ) ಇಎಸ್‌ಎಸ್ ಎರಡೂ 4 ಚೈನ್‌ಗೆ ಸೇರಿ 400 ದಾಟಿರಬೇಕು. 58 ಇಎಸ್‌ಎಸ್ ಇದ್ದಲ್ಲಿ ಆರ್-ಹ್ಯಾಟ್ ಸಂಖ್ಯೆಯನ್ನೇ ನಂಬುವ ಹಾಗಿಲ್ಲ.


ಉತ್ತರ 4: ಕೊನೆಲೆಕ್ಕ

ಎಲ್ಲರಿಗೂ ಧನ್ಯವಾದ. ಚಿತ್ರದಲ್ಲಿ ಆಲಿಕೆ ಸ್ಪಷ್ಟವಾಗಿ ಕಂಡಿತು. ಹೇಗೂ ಬರೆಯುತ್ತಿದ್ದೇನಲ್ಲ ಅಂತ ಮೂರು ಹಂತವನ್ನೂ ನಾನ್-ಸೆಂಟರ್ಡ್ ಮಾಡಿಬಿಟ್ಟೆ. ಪ್ರಯರ್ ಹಾಫ್-ನಾರ್ಮಲ್.

ಸಿಗ್ಮಾ-ಊರು ಸರಿಹೋಯಿತು: ಆರ್-ಹ್ಯಾಟ್ 1.00, ಬಲ್ಕ್ ಇಎಸ್‌ಎಸ್ 1100ರ ಮೇಲೆ. ಮೊದಲು 0.12ರ ಕೆಳಗೆ ಒಂದೇ ಒಂದು ಸ್ಯಾಂಪಲ್ ಇರಲಿಲ್ಲ, ಈಗ 0.02ರ ತನಕ ಇಳಿಯುತ್ತದೆ. ಸರಾಸರಿ 0.34 ಇದ್ದದ್ದು 0.29 ಆಯಿತು. ಆದರೆ ಮೊದಲು ಚೆನ್ನಾಗಿದ್ದ ಆಲ್ಫಾ ಈಗ ಕೆಟ್ಟಿದೆ: ಇಎಸ್‌ಎಸ್ 210, ಆರ್-ಹ್ಯಾಟ್ 1.02. ಡೈವರ್ಜೆನ್ಸ್ 4. ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಉಬ್ಬುತ್ತದಲ್ಲ!

ವಿಚಿತ್ರ ಅಂದರೆ ಬೀಟಾ ಹಳೆಯ ಓಟದಲ್ಲೂ −0.58, ಈಗಲೂ −0.58.


ಉತ್ತರ 5: ತುಂಗೆದಂಡೆ

ತಾಲ್ಲೂಕು, ತೋಟ ಹಾಗೇ ಬಿಡಿ ಅಂದಿದ್ದು ಇದಕ್ಕೇ. ತೂಕ 0.91 ಇರುವ ಹಂತದಲ್ಲಿ ದತ್ತಾಂಶ ಹಿಡಿದಿಡುವುದು ಆಲ್ಫಾ + ಸಿಗ್ಮಾ × ಝೆಡ್ ಎಂಬ ಮೊತ್ತವನ್ನು. ಮೊತ್ತ ಗಟ್ಟಿ, ಬಿಡಿ ಭಾಗ ಸಡಿಲ. ಆಲ್ಫಾ ಸ್ವಲ್ಪ ಏರಿದರೆ ಏಳು ಝೆಡ್‌ಗಳೂ ಒಟ್ಟಿಗೆ ಇಳಿಯಬೇಕು, ಸಿಗ್ಮಾ ಏರಿದರೆ ಎಲ್ಲ ಝೆಡ್ ಕುಗ್ಗಬೇಕು. ಕಿರಿದಾದ, ಬಾಗಿದ ಕಣಿವೆ ಅದು. ಆಗುಂಬೆ ಘಾಟಿಯ ತಿರುವಿನಲ್ಲಿ ಬಸ್ ಇಳಿದ ಹಾಗೆ, ಇಳಿಯುತ್ತದೆ, ಆದರೆ ನಿಧಾನ. ಅಂದರೆ ನಾನ್-ಸೆಂಟರ್ಡ್ ಕೂಡ ಸರ್ವರೋಗಕ್ಕೆ ಮದ್ದಲ್ಲ. ದತ್ತಾಂಶ ಬಲವಾಗಿದ್ದಲ್ಲಿ ಅದೇ ರೋಗ. ಬಿಆರ್‌ಎಂಎಸ್ (ಸ್ಟ್ಯಾನ್ ಕೋಡ್ ತಾನೇ ಬರೆದುಕೊಡುವ ಆರ್ ಪ್ಯಾಕೇಜ್) ಬಳಸುವವರು ಇದನ್ನು ನೆನಪಿಡಬೇಕು, ಅದು ಎಲ್ಲ ಹಂತವನ್ನೂ ತಾನಾಗಿಯೇ ನಾನ್-ಸೆಂಟರ್ಡ್ ಆಗಿ ಬರೆಯುತ್ತದೆ.

ಹೀಗೆ ಬದಲಿಸಿ. ಆಲ್ಫಾವನ್ನು ಮುಖ್ಯ ಸಾಲಿನಿಂದ ಕಿತ್ತು ತಾಲ್ಲೂಕಿನ ಸರಾಸರಿ ಮಾಡಿ: ತಾಲ್ಲೂಕು ~ ನಾರ್ಮಲ್(ಆಲ್ಫಾ, ಸಿಗ್ಮಾ-ತಾಲ್ಲೂಕು). ತೋಟದ ಲಾಜಿಟ್ ~ ನಾರ್ಮಲ್(ತಾಲ್ಲೂಕು + ಊರು + ಬೀಟಾ × ಸಲ, ಸಿಗ್ಮಾ-ತೋಟ). ಊರು ಮಾತ್ರ ಸಿಗ್ಮಾ × ಝೆಡ್. ಅಡಾಪ್ಟ್ ಡೆಲ್ಟಾ 0.95 ಇಡಿ, 0.99ರ ಅಗತ್ಯ ಬೀಳಬಾರದು.

ಬೀಟಾ ಬದಲಾಗದಿದ್ದದ್ದು ವಿಚಿತ್ರ ಅಲ್ಲ. ಔಷಧಿ ಹೊಡೆದ ಲೆಕ್ಕ ತೋಟಕ್ಕೊಂದು, ಅದರ ಮಾಹಿತಿ ತೋಟ-ತೋಟದ ಹೋಲಿಕೆಯಿಂದ ಬರುತ್ತದೆ, ಊರಿನ ಆಲಿಕೆ ಅದನ್ನು ಹೆಚ್ಚು ಮುಟ್ಟುವುದಿಲ್ಲ. ಪೆಟ್ಟು ಬೀಳುವುದು ಹೊಸ ಊರಿನ ಅಂದಾಜು ಹೇಳುವಾಗ: ಅಲ್ಲಿ ಸಿಗ್ಮಾ-ಊರೇ ಅಗಲ ನಿರ್ಧರಿಸುತ್ತದೆ. ಬೀಟಾ ಸರಿ ಬಂತು ಅಂತ ಹಳೆಯ ಓಟವನ್ನೇ ಇಟ್ಟುಕೊಂಡಿದ್ದರೆ ಎಲ್ಲ ಹೊಸ ಊರಿಗೂ ಪಟ್ಟಿ ಅಗತ್ಯಕ್ಕಿಂತ ಅಗಲವಾಗುತ್ತಿತ್ತು.


ಉತ್ತರ 6: ಮಳೆಮಾಪಕ

ಮಳೆಯನ್ನು ಯಾಕೆ ಬಿಟ್ಟಿರಿ? ತೀರ್ಥಹಳ್ಳಿ, ಹೊಸನಗರ, ಸಾಗರದ ಘಟ್ಟದಂಚು ಒಂದು ಥರ, ಭದ್ರಾವತಿ, ಶಿಕಾರಿಪುರ ಅರೆಮಲೆನಾಡು. ಅವೆಲ್ಲ ಒಂದೇ ಚೀಲದ ಅಡಿಕೆ ಎಂಬಂತೆ ಒಂದು ನಾರ್ಮಲ್‌ನಿಂದ ಎಳೆಯುವುದು ಸರಿಯಲ್ಲ. ಮುಂಗಾರಿನ ಮಳೆಯ ಲಾಗ್ ತೆಗೆದು, ಸರಾಸರಿ ಕಳೆದು, ತಾಲ್ಲೂಕಿನ ಸರಾಸರಿಗೆ ಸೇರಿಸಿ. ಸರಾಸರಿ ಕಳೆಯದಿದ್ದರೆ ಆಲ್ಫಾ ಮತ್ತು ಮಳೆಯ ಗುಣಕ ಒಂದಕ್ಕೊಂದು ಅಂಟಿಕೊಂಡು ಮತ್ತೆ ಇಎಸ್‌ಎಸ್ ಬೀಳುತ್ತದೆ.

ನಿಜವಾದ ಲೆಕ್ಕ ಬಂದಾಗ ಇನ್ನೊಂದು ಎಚ್ಚರ: ಮಳೆ ಜಾಸ್ತಿ ಇರುವ ಕಡೆ ಬೋರ್ಡೋ ಹೊಡೆಯುವುದೂ ಜಾಸ್ತಿ ಸಲ. ಮಳೆ ಇಲ್ಲದ ಮಾದರಿಯಲ್ಲಿ ಔಷಧಿ ಹೊಡೆದಷ್ಟೂ ಕೊಳೆ ಹೆಚ್ಚು ಎಂಬಂಥ ಉತ್ತರ ಬಂದರೂ ಬರಬಹುದು. ಅದಕ್ಕೆ ಯಾವ ಆರ್-ಹ್ಯಾಟೂ ಎಚ್ಚರಿಕೆ ಕೊಡುವುದಿಲ್ಲ, ಚೈನ್‌ಗಳು ಚೆಂದವಾಗಿ ಒಮ್ಮುಖವಾಗಿ ತಪ್ಪು ಜಾಗಕ್ಕೆ ಹೋಗಿ ಕೂರುತ್ತವೆ.


ಉತ್ತರ 7: ಕೊನೆಲೆಕ್ಕ

ತುಂಗೆದಂಡೆಯವರು ಹೇಳಿದ ರೂಪದಲ್ಲಿ ಡೈವರ್ಜೆನ್ಸ್ ಸೊನ್ನೆ, ಎಲ್ಲದರ ಇಎಸ್‌ಎಸ್ 900ರ ಮೇಲೆ, ಸಮಯ 2 ನಿಮಿಷ. ಖುಷಿಯಾಗಿ ಮಳೆ ಸೇರಿಸಿದೆ, ಮತ್ತೆ 40 ಡೈವರ್ಜೆನ್ಸ್! ಈ ಸಲ ಸಿಗ್ಮಾ-ತಾಲ್ಲೂಕಿನ ಕುತ್ತಿಗೆಯಲ್ಲಿ.


ಉತ್ತರ 8: ತುಂಗೆದಂಡೆ

ಬರಲೇಬೇಕು. ತಾಲ್ಲೂಕಿನ ವ್ಯತ್ಯಾಸದ ಬಹುಪಾಲನ್ನು ಮಳೆ ತೆಗೆದುಕೊಂಡು ಹೋಯಿತು. ಉಳಿದ ಸಿಗ್ಮಾ-ತಾಲ್ಲೂಕು 0.1 ಅಂತಿಟ್ಟುಕೊಳ್ಳಿ: 0.01/(0.01 + 0.025), ತೂಕ 0.91ರಿಂದ 0.29ಕ್ಕೆ ಬಿತ್ತು. ಈಗ ತಾಲ್ಲೂಕನ್ನೂ ನಾನ್-ಸೆಂಟರ್ಡ್ ಮಾಡಿ: ಆಲ್ಫಾ + ಗಾಮಾ × ಮಳೆ + ಸಿಗ್ಮಾ-ತಾಲ್ಲೂಕು × ಝೆಡ್ (ಇಲ್ಲಿ ಗಾಮಾ ಮಳೆಯ ಗುಣಕ). ಘೋಷಣೆಯಲ್ಲಿ ಆಫ್‌ಸೆಟ್ (ಕೂಡಿಸುವ ಭಾಗ) ಮತ್ತು ಮಲ್ಟಿಪ್ಲಯರ್ (ಗುಣಿಸುವ ಭಾಗ) ಎರಡೂ ಕೊಟ್ಟರೆ ಒಂದೇ ಸಾಲು. ಒಳ್ಳೆಯ ವಿವರಣೆ ಸಿಕ್ಕಷ್ಟೂ ಉಳಿಕೆ ಸಿಗ್ಮಾ ಕುಗ್ಗುತ್ತದೆ, ಆಲಿಕೆಯ ಕುತ್ತಿಗೆ ಹತ್ತಿರ ಬರುತ್ತದೆ. ಆದ್ದರಿಂದ ಹೊಸ ಅಂಶ ಸೇರಿಸಿದಾಗಲೆಲ್ಲ ತೂಕದ ಲೆಕ್ಕ ಹೊಸದಾಗಿ ಹಾಕಿ.


ಉತ್ತರ 9: ಹಳೇಗಿಬ್ಸ್

ಆಯ್ತು, ಎಕ್ಸ್‌ಪ್ಯಾನ್ಶನ್ ಹಾಕಿ ನೋಡಿದೆ, ಜ್ಯಾಗ್ಸ್‌ನಲ್ಲೂ ಸಿಗ್ಮಾ-ಊರು ಅದೇ 0.29 ಕೊಡುತ್ತದೆ. ಇನ್ವರ್ಸ್ ಗಾಮಾ ವಾಪಸ್ ತಗೊಂಡೆ. ಒಂದು ಪ್ರಶ್ನೆ ಉಳಿಯಿತು: ಇವರು ಕಟ್ಟಿದ್ದರಲ್ಲಿ ಎಲ್ಲ ಊರಿಗೂ ಆರಾರು ತೋಟ. ನಿಜದಲ್ಲಿ ಹಾಗೆಲ್ಲಿ ಸಿಗುತ್ತದೆ? ಒಂದು ಊರಲ್ಲಿ ಒಂದೇ ತೋಟ, ಇನ್ನೊಂದರಲ್ಲಿ ಮೂವತ್ತು.


ಉತ್ತರ 10: ತುಂಗೆದಂಡೆ

ಆಗ ಹಂತಕ್ಕೊಂದು ತೀರ್ಮಾನ ಸಾಲದು, ಊರಿಗೊಂದು ಬೇಕು. ಒಂದೇ ತೋಟದ ಊರಿಗೆ ದೋಷದ ವರ್ಗ 0.796, ತೂಕ 0.10. ಮೂವತ್ತು ತೋಟದ ಊರಿಗೆ 0.0265, ತೂಕ 0.77. ಒಂದೇ ರೂಪ ಎರಡಕ್ಕೂ ಹೊಂದದು. ಸಿಗ್ಮಾ-ಊರು 0.3 ಸುತ್ತ ಇದ್ದರೆ ಗಡಿ ಸುಮಾರು 9 ತೋಟಕ್ಕೆ ಬೀಳುತ್ತದೆ (0.796/9 = 0.088, ಸಿಗ್ಮಾದ ವರ್ಗ 0.09). ಊರುಗಳನ್ನು ಎರಡು ಪಟ್ಟಿ ಮಾಡಿ: 9ಕ್ಕಿಂತ ಕಡಿಮೆ ತೋಟ ಇರುವವು ಝೆಡ್ ರೂಪದಲ್ಲಿ, ಉಳಿದವು ನೇರ. ಎರಡಕ್ಕೂ ಸಿಗ್ಮಾ-ಊರು ಒಂದೇ, ಆದ್ದರಿಂದ ಮಾದರಿ ಬದಲಾಗುವುದಿಲ್ಲ, ಬರೆಯುವ ರೀತಿ ಮಾತ್ರ ಬೇರೆ. ಹಾಕಿದ ಗಡಿ ಸರಿಯೇ ಅಂತ ತಿಳಿಯಲು ಮತ್ತೆ ಅದೇ ಚಿತ್ರ: ಒಂದೇ ತೋಟದ ಊರೊಂದನ್ನು, ಅತಿ ಹೆಚ್ಚು ತೋಟದ ಊರೊಂದನ್ನು ಆರಿಸಿ ಸಿಗ್ಮಾ-ಊರಿನ ಲಾಗ್ ಎದುರು ಹಾಕಿ. ನೇರ ರೂಪದ ಊರಿನಲ್ಲಿ ಆಲಿಕೆ ಕಂಡರೆ ಗಡಿ ಮೇಲಕ್ಕೆ ಸರಿಸಿ. ಝೆಡ್ ರೂಪದ ಊರಿನಲ್ಲಿ ಸಿಗ್ಮಾ ಕುಗ್ಗಿದಷ್ಟೂ ಝೆಡ್ ಉದ್ದವಾಗುವ ಬಾಗಿದ ಆಕಾರ ಕಂಡರೆ ಕೆಳಕ್ಕೆ.